ಹೆಬ್ಬೆಟ್ಟಿನವರಿಗೆ, ಒಂದು ಮುಚ್ಚಳದ ಬಗ್ಗೆ

ನೌಬಾದ ಸುರಂಗದೂರು,
ನಡುಬಿಸಿಲ ತಿಂಗಳು, ದಿನ ನಲವತ್ತೊಂದು,
ನಿಮ್ಮ ಲೆಕ್ಕಕ್ಕೆ ಇಸವಿ ಎರಡು ಸಾವಿರದ ನೂರ ಅರವತ್ತಮೂರು.

ಹೆಬ್ಬೆಟ್ಟಿನವರೇ,

ತಿಂಗಳಿಗೆ ನಲವತ್ತೊಂದು ದಿನ ಎಲ್ಲಿಂದ ಬಂತು ಅಂತ ಮೊದಲಿಗೇ ತಕರಾರು ತೆಗೆಯಬೇಡಿ. ಬಿಸಿಲು ಇಳಿಯುವವರೆಗೆ ಈ ತಿಂಗಳು ಮುಗಿಯಬಾರದು ಅಂತ ನಮ್ಮ ಹಿರಿಯರು ಕಟ್ಟು ಮಾಡಿದ್ದಾರೆ. ಆ ಬಿಸಿಲು ಯಾರ ಕಾಲದ ಆಸ್ತಿ ಅಂತ ನಿಮಗೇ ಚೆನ್ನಾಗಿ ಗೊತ್ತು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಅರ್ಥವಾಗಲಿಕ್ಕಿಲ್ಲ. ಅದಕ್ಕೆ ಕ್ಷಮೆ ಇರಲಿ. ಈ ಓಲೆಯಲ್ಲಿ ನಾನು ಕ್ಷಮೆ ಕೇಳುವುದು ಇದೊಂದಕ್ಕೇ. ನಾನು ಕಲಿತದ್ದು ಮೂರನೇ ಇಯತ್ತೆ. ನಾಲ್ಕನೆಯದರಲ್ಲಿ ಶಾಲೆಯ ಮಾಡು ಕುಸಿಯಿತು, ಮತ್ತೆ ಯಾರೂ ಎತ್ತಲಿಲ್ಲ. ಒತ್ತಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ. ನಿಮ್ಮದನ್ನು ಇಷ್ಟು ದಿನ ನಾವು ತಿದ್ದಿದ್ದೇವೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಗುಡ್ಡೆಯಿಂದ, ಅಂದರೆ ನೀವು ಊರಾಚೆ ಸುರಿದು ಹೋದ ಸಾಮಾನಿನ ಬೆಟ್ಟದಿಂದ, ತಂದ ವಸ್ತು ಜೀವ ಹಿಡಿಯಿತು ಅಂದರೆ, ಅದನ್ನು ಕೂರಿಸಿದವರು ಅದರ ಮೊದಲಿನ ಯಜಮಾನರಿಗೆ ಒಂದು ಓಲೆ ಬರೆದು ಅದು ಕೂತ ಯಂತ್ರದ ಪೆಟ್ಟಿಗೆಯೊಳಗೇ ಇಡಬೇಕು. ಇದಕ್ಕೆ ಹಿಂದೋಲೆ ಅನ್ನುತ್ತೇವೆ. ಅದು ನಿಮ್ಮ ಕಾಲಕ್ಕೆ ಮುಟ್ಟುತ್ತದೆಯೋ, ಇಲಿಯ ಬಾಯಿಗೆ ಮುಟ್ಟುತ್ತದೆಯೋ, ಯಾರೂ ಕಂಡವರಿಲ್ಲ. ಬರೆಯದಿದ್ದರೆ ಯಂತ್ರ ಮುನಿಯುತ್ತದೆ ಅನ್ನುತ್ತಾರೆ. ಸುಳ್ಳು ಅಂತ ನನಗೆ ಗೊತ್ತು, ಆದರೂ ಹೆದರಿಕೆಗೆ ಬರೆಯುತ್ತಿದ್ದೇನೆ. ಕಾಗದ ಹಾರಿ ಪೆಟ್ಟಿಗೆಯೊಳಗಿನ ಬೀಸಣಿಗೆಗೆ ಸಿಕ್ಕೀತು ಅಂತ ಇದನ್ನು ಸುತ್ತಿ ದಾರ ಕಟ್ಟುವವಳಿದ್ದೇನೆ. ದಾರವೇ ಬೀಸಣಿಗೆಗೆ ಸಿಕ್ಕರೆ ಅಂತ ಈಗ ಹೊಸ ಹೆದರಿಕೆ ಹುಟ್ಟಿದೆ. ಇರಲಿ. ಹಿಂದೋಲೆಯಲ್ಲಿ ಉಪಕಾರ ಸ್ಮರಣೆ ಮಾಡುವುದು ವಾಡಿಕೆ. ನನ್ನ ಕೈಲಿ ಅದು ಆಗಲಿಲ್ಲ. ಎರಡು ಸಲ ಶುರು ಮಾಡಿ ಹೊಡೆದು ಹಾಕಿದೆ. ನಿಮ್ಮ ಹೆಸರು ಗೊತ್ತಿಲ್ಲದ್ದರಿಂದ ಹೆಬ್ಬೆಟ್ಟಿನವರು ಅಂತ ಕರೆದಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾವಿರುವುದು ನೆಲದ ಕೆಳಗೆ. ಬೀದರಿನ ಸುಲ್ತಾನರ ಕಾಲದಲ್ಲಿ ಕೆಂಪು ಕಲ್ಲನ್ನು ಕೊರೆದು ನೀರು ಹರಿಸಿದ ಸುರಂಗ ಬಾವಿ ನಿಮ್ಮ ಕಾಲದಲ್ಲೂ ಇತ್ತು. ಅದರಲ್ಲಿ ನೀವು ಕಸ ತುಂಬಿದ್ದಿರಿ. ನಮ್ಮ ಮುತ್ತಜ್ಜಂದಿರು ಆ ಕಸ ಹೊತ್ತು ಹೊರಗೆ ಹಾಕಿ, ಅಗಲ ಮಾಡಿ, ಒಳಗೆ ಸಂಸಾರ ಹೂಡಿದರು. ಬೆಳಗಿನ ಜಾವ ಮೇಲೆ ಹೋಗಿ ಜೋಳ ತೊಗರಿ ನೋಡಿಕೊಂಡು, ಹೊತ್ತು ಏರುವುದರೊಳಗೆ ಇಳಿದು ಬರುತ್ತೇವೆ. ನಾವು ರೊಟ್ಟಿ ಬಡಿಯುವುದು ಗಾಳಿಬಾವಿಯ ಬುಡದಲ್ಲಿ ಮಾತ್ರ, ಹೊಗೆ ಮೇಲೆ ಹೋಗಬೇಕಲ್ಲ. ಒಳಗೆ ಗಾಳಿ ಆಡುವುದಕ್ಕೆ ದೊಡ್ಡ ಬೀಸಣಿಗೆಗಳಿವೆ, ನೀರು ಪಾಲು ಮಾಡುವುದಕ್ಕೆ ತೂಬುಗಳಿವೆ. ಯಾವ ಓಣಿಯಲ್ಲಿ ಉಸಿರು ಕಟ್ಟಿದೆ, ಯಾವ ತೂಬು ಯಾವಾಗ ಏಳಬೇಕು, ಅದನ್ನೆಲ್ಲ ನೋಡಿಕೊಳ್ಳುವುದು ಒಂದು ಕಂಪ್ಯೂಟರು. ಹಿಂದೆ ಕೆರೆಯ ನೀರು ಬಿಡುತ್ತಿದ್ದ ಮನುಷ್ಯನಿಗೆ ನೀರಗಂಟಿ ಅನ್ನುತ್ತಿದ್ದರಲ್ಲ, ಆ ಲೆಕ್ಕದಲ್ಲಿ ಇದಕ್ಕೆ ಗಂಟಿ ಅಂತ ಹೆಸರು. ಸುರಂಗದ ತೇವಕ್ಕೆ ತುಕ್ಕು ಹಿಡಿಯುತ್ತದೆ ಅಂತ ಗಂಟಿಯನ್ನು ಮೇಲಿನ ಒಣ ಕೋಣೆಯಲ್ಲಿ ಇಟ್ಟಿದ್ದೇವೆ. ಅಲ್ಲಿ ನಾಲಿಗೆ ಹೊರಗೆ ಚಾಚಿದರೆ ಹಪ್ಪಳ ಆಗುತ್ತದೆ.

ಈ ತಿಂಗಳ ಮೊದಲ ವಾರ ಗಂಟಿ ಸತ್ತಿತು. ನೀವು ಮದರ್‌ಬೋರ್ಡ್ ಅನ್ನುತ್ತಿದ್ದುದನ್ನು ನಾವು ತಾಯಿಹಲಗೆ ಅನ್ನುತ್ತೇವೆ. ಆ ಹಲಗೆ ಒಂದು ಮೂಲೆಯಲ್ಲಿ ಸುಟ್ಟು, ಬೆಳ್ಳುಳ್ಳಿ ಸೀದ ಹಾಗೆ ನಾರುತ್ತಿತ್ತು. ಮಿದುಳುಬಿಲ್ಲೆ, ಅಂದರೆ ನಿಮ್ಮ ಪ್ರೊಸೆಸರ್, ಕೆಟ್ಟಿರಲಿಲ್ಲ. ಬೀಸಣಿಗೆಗಳನ್ನು ಕೈಯಲ್ಲಿ ತಿರುಗಿಸುವ ಪಾಳಿ ಶುರುವಾಯಿತು. ಗಂಡಸರ ಅಂಗೈ ಸುಲಿಯಿತು, ಕೊನೆಯ ಓಣಿಯಲ್ಲಿ ಗಾಳಿ ಸಾಲದೆ ದೀಪ ಸಣ್ಣಗಾಯಿತು. ಊರ ಹಿರಿಯ ವೈಜನಾಥ ಕಾಕಾ ಎಲ್ಲರನ್ನೂ ಸೇರಿಸಿ, ಅಮಾವಾಸ್ಯೆಯೊಳಗೆ ಗಂಟಿ ಏಳದಿದ್ದರೆ ಸುರಂಗ ಖಾಲಿ ಮಾಡಿ ಮಾಂಜ್ರಾ ನದಿ ದಂಡೆಯ ಡೇರೆಗಳಿಗೆ ನಡೆಯುವುದು ಅಂತ ಹೇಳಿದರು. ನಡೆಯುವುದು ಅಂದರೆ ಈ ಬಿಸಿಲಲ್ಲಿ, ನೆರಳಿಲ್ಲದ ಕೆಂಪು ನೆಲದ ಮೇಲೆ. ನನ್ನ ತಂಗಿ ಕಲಾವತಿಗೆ ಆಗ ಎಂಟು ತಿಂಗಳು ತುಂಬಿತ್ತು. ಹೋದ ಸಲ ಹೀಗೆ ನಡೆದಾಗ ಇಬ್ಬರು ಬಸುರಿಯರು ದಂಡೆ ಮುಟ್ಟಲಿಲ್ಲ. ಎಲ್ಲರೂ ಅವಳ ಹೊಟ್ಟೆ ನೋಡಿದರು. ಅವಳು ಮಾತ್ರ, ನನ್ನ ಯಾಕ ಹಂಗ ನೋಡ್ತೀರಿ, ಹಲಗಿ ಹುಡುಕ್ರಿ, ಅಂದಳು. ಗಂಟಿ ಕೂರಿಸುವ ಕೆಲಸ ನನ್ನದು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಗುಡ್ಡೆಯಲ್ಲಿ ತಾಯಿಹಲಗೆಗಳಿಗೆ ಬರ ಇಲ್ಲ. ಸಲಿಕೆ ಹಾಕಿದಲ್ಲೆಲ್ಲ ಬರುತ್ತವೆ. ಆದರೆ ಬಿಲ್ಲೆ ಕೂರುವ ಗೂಡು ಒಂದರದ್ದು ಒಂದಕ್ಕಿಲ್ಲ. ಎರಡು ವರ್ಷಕ್ಕೊಮ್ಮೆ, ಮೂರು ವರ್ಷಕ್ಕೊಮ್ಮೆ ಗೂಡಿನ ಅಳತೆ ಬದಲಿಸಿದ್ದೀರಿ. ಇದು ಯಾವ ಸೀಮೆಯ ಬುದ್ಧಿವಂತಿಕೆ? ನಮ್ಮ ಒಳಕಲ್ಲಿಗೆ ನನ್ನ ಅಜ್ಜಿಯ ಗುಂಡೂ ಕೂರುತ್ತದೆ, ನಾಳೆ ಕಲಾವತಿಯ ಮಗುವಿನ ಕಾಲದ ಗುಂಡೂ ಕೂರುತ್ತದೆ. ನೀವು ಒಳಕಲ್ಲು ಹಳೆಯದಾಯಿತು ಅಂತ ಗುಂಡು ಎಸೆದಿರಿ, ಗುಂಡು ಹಳೆಯದಾಯಿತು ಅಂತ ಒಳಕಲ್ಲು ಎಸೆದಿರಿ, ಮತ್ತೆ ಎರಡನ್ನೂ ಹೊಸದಾಗಿ ತಂದು, ಗಾಜಿನ ಬಾಗಿಲ ಪೆಟ್ಟಿಗೆಯಲ್ಲಿಟ್ಟು, ಒಳಗೆ ಕೆಂಪು ನೀಲಿ ದೀಪ ಹಚ್ಚಿ ಕೂತಿರಿ. ಆ ದೀಪಗಳ ಪಟ್ಟಿ ನಮ್ಮ ಮಕ್ಕಳು ಕೊರಳಿಗೆ ಹಾಕಿಕೊಂಡು ಆಡುತ್ತಾರೆ. ಅವುಗಳಿಂದ ಆದ ಉಪಯೋಗ ಅಷ್ಟೇ.

ನಮ್ಮ ಬಿಲ್ಲೆಯ ಅಳತೆಗೆ ಸರಿಯಾದ ಹಲಗೆ ಮೊದಲು ಒಂದು ಸಿಕ್ಕಿತು. ಬಿಲ್ಲೆ ಕೂತಿತು, ಬೀಸಣಿಗೆ ತಿರುಗಿತು, ಪರದೆ ಮಾತ್ರ ಕಪ್ಪು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿದದ್ದು ಇಷ್ಟು: ಆ ಹಲಗೆ ನಮ್ಮ ಬಿಲ್ಲೆಗಿಂತ ಸ್ವಲ್ಪ ಮೊದಲು ಹುಟ್ಟಿದ್ದು. ಹೊಸ ಬಿಲ್ಲೆಯ ಗುರುತು ಅದಕ್ಕೆ ಇಲ್ಲ. ಗುರುತು ಹೇಳಿಕೊಡಬೇಕಾದರೆ ಮೊದಲು ಹಳೇ ಬಿಲ್ಲೆ ಕೂರಿಸಿ ಹಲಗೆಯನ್ನು ಎಬ್ಬಿಸಬೇಕು. ಜೊತೆಗೆ ಗುರುತಿನ ಪಾಠ ನಿಮ್ಮ ಆಕಾಶದ ಜಾಲದಿಂದ ಇಳಿಯಬೇಕು. ಹಳೇ ಬಿಲ್ಲೆ ಎಲ್ಲಿದೆ? ಜಾಲ ಎಲ್ಲಿದೆ? ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಜಡಿದು ಹೋದ ಜನ ನೀವು. ನಿಮಗೆ ಏನು ಅನ್ನೋಣ!

ಅಮಾವಾಸ್ಯೆ ಹತ್ತಿರ ಬಂದಾಗ ನಿಮ್ಮ ಹಲಗೆ ಸಿಕ್ಕಿತು. ಅದು ಬಿಲ್ಲೆಯ ಓರಗೆಯದು, ಗುರುತಿನ ತಕರಾರು ಇರಲಿಲ್ಲ. ಎತ್ತಿ ನೋಡಿದೆ. ಗೂಡಿನ ಸುತ್ತ ತಂಪುಲೇಪ ಒಣಗಿ ಕೂತಿತ್ತು. ಬಿಲ್ಲೆಯ ಬಿಸಿ ಮೇಲಿನ ಲೋಹಕ್ಕೆ ದಾಟಲಿ ಅಂತ ನಡುವೆ ಹಚ್ಚುವ ಬೂದು ಬಣ್ಣದ ಲೇಪ ಅದು. ಒಂದು ತೊಗರಿ ಕಾಳಿನಷ್ಟು ಇಟ್ಟರೆ ಸಾಕು. ನೀವು ಹೋಳಿಗೆಗೆ ತುಪ್ಪ ಸುರಿದ ಹಾಗೆ ಸುರಿದಿದ್ದಿರಿ. ಅದು ನಾಲ್ಕೂ ಕಡೆ ಉಕ್ಕಿ ಗೂಡಿನ ಅಂಚಿಗೆ ಇಳಿದಿತ್ತು. ಅದರ ನಡುವೆ, ಅಚ್ಚೊತ್ತಿದ ಹಾಗೆ, ನಿಮ್ಮ ಹೆಬ್ಬೆಟ್ಟು. ಗೆರೆ ಗೆರೆ ಕಾಣುತ್ತಿತ್ತು. ಆ ಹೆಬ್ಬೆಟ್ಟಿನ ನೇರಕ್ಕೇ, ಗೂಡಿನೊಳಗೆ, ಎರಡು ಮುಳ್ಳು ಬಾಗಿದ್ದವು. ಗೂಡಿನಲ್ಲಿ ಸಾವಿರಕ್ಕೂ ಮೇಲೆ ಕೂದಲಿನಂಥ ಚಿನ್ನದ ಮುಳ್ಳುಗಳಿರುತ್ತವೆ, ಅದು ನಿಮಗೂ ಗೊತ್ತು. ಬಿಲ್ಲೆಯನ್ನು ಕೈ ಜಾರಿಸಿದಿರೋ, ಕೂರದ್ದನ್ನು ಒತ್ತಿದಿರೋ, ಅಂತೂ ಎರಡನ್ನು ಮಲಗಿಸಿ, ಮೇಲೆ ಮುಚ್ಚಳವನ್ನೂ ಹಾಕದೆ ಹಲಗೆಯನ್ನೇ ಬಿಸಾಡಿದಿರಿ. ಹೊಸ ಹಲಗೆಯ ಗೂಡಿಗೆ ಒಂದು ಕರಿ ಮುಚ್ಚಳ ಇರುತ್ತಲ್ಲ, ಅದು ಗುಡ್ಡೆಯಲ್ಲಿ ಒಂದೇ ಒಂದು ಹಲಗೆಯ ಮೇಲೂ ನಮಗೆ ಸಿಕ್ಕಿಲ್ಲ. ಬಿಲ್ಲೆ ಕೂರಿಸಿದ ಕೂಡಲೇ ಅದನ್ನು ಕಸಕ್ಕೆ ಚಿಮ್ಮುವುದು ನಿಮ್ಮ ಕಾಲದ ಶಾಸ್ತ್ರವಿದ್ದೀತು. ನೂರು ವರ್ಷಕ್ಕೂ ಮಿಕ್ಕಿದ ಮಣ್ಣು ಆ ತೆರೆದ ಗೂಡಿಗೆ ಬೀಳದೆ ಉಳಿದದ್ದು, ಅದರ ಮೇಲೆ ಯಾರದೋ ಹರಿದ ಬೂಟು ಬಿದ್ದಿದ್ದರಿಂದ. ನಿಮ್ಮಿಂದಲ್ಲ, ಬೂಟಿನಿಂದ.

ಬಾಗಿದ ಮುಳ್ಳುಗಳನ್ನು ಬಿದ್ರಿ ಕೆಲಸದ ಖಲೀಲ್ ಚಾಚಾ ಎತ್ತಿದರು. ಕಪ್ಪು ಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸುವ ಸಣ್ಣ ಚಾಣ ಅವರ ಹತ್ತಿರ ಇದೆ. ನಾನು ಪಕ್ಕದಲ್ಲಿ ನಿಂತು, ಚಾಚಾ ಮೆಲ್ಲಗೆ, ಚಾಚಾ ಮುರಿದೀತು, ಅನ್ನುತ್ತಲೇ ಇದ್ದೆ. ಅವರು, ಬೇಟಿ, ಮುಳ್ಳು ಮುರಿಯೂಕಿಂತ ಮೊದಲ ನಿನ್ನ ಮಾತಿಗೆ ನನ್ನ ತಲಿ ಒಡೀತದ, ಹೋಗಿ ಚಹಾ ತಗೊಂಡ ಬಾ, ಅಂತ ಅಟ್ಟಿದರು. ಬರುವುದರೊಳಗೆ ಒಂದು ಮುಳ್ಳು ನೆಟ್ಟಗಾಗಿತ್ತು. ಎರಡನೆಯದು ಅರ್ಧ ಎದ್ದು ನಿಂತಿತ್ತು. ಇನ್ನೂ ಎತ್ತಿದರೆ ಮುರಿಯುತ್ತದೆ ಅಂತ ಅವರು ಕೈ ತೆಗೆದರು. ಇಷ್ಟಕ್ಕೇ ಮುಟ್ಟಿದರೆ ಮುಟ್ಟಿತು, ಇಲ್ಲದಿದ್ದರೆ ಇಲ್ಲ. ಆ ಅರ್ಧ ಮುಳ್ಳಿನ ಮೇಲೆ ನನ್ನ ತಂಗಿಯ ನಡಿಗೆ ನಿಂತಿತ್ತು. ನಿಮಗೆ ಅದೊಂದು ಕೈ ಜಾರಿದ ಸಂಜೆ, ಅಷ್ಟೇ.

ನಮ್ಮವರನ್ನೂ ನಾನು ಬಿಡುವುದಿಲ್ಲ. ನೀವು ಕೂರಿಸುವಾಗ ಕಾಲು ಅಲ್ಲಾಡಿಸುತ್ತ ಕೂತಿದ್ದಿರಿ, ನಮ್ಮವರು ಅದನ್ನೇ ದೇವರು ಕೂರಿಸುವ ಹಾಗೆ ಮಾಡಿಕೊಂಡಿದ್ದಾರೆ. ಗಂಟಿಗೆ ಮಿದುಳು ಕೂರಿಸುವವರು ಮಡಿಯಲ್ಲಿರಬೇಕು, ಮಡಿ ಅಂದರೆ ರೇಷ್ಮೆ ಸೀರೆ. ಊರಿಗೆಲ್ಲ ಒಂದೇ ರೇಷ್ಮೆ ಸೀರೆ ಇದೆ, ಅದನ್ನು ಇದಕ್ಕೆಂದೇ ಕಾದಿಟ್ಟಿದ್ದಾರೆ. ನನಗಿಂತ ಮೊದಲು ಈ ಕೆಲಸ ಮಾಡುತ್ತಿದ್ದವಳು ಗಂಗಾಬಾಯಿ ಅತ್ತಿ. ಅವಳು ಆ ಸೀರೆ ಉಟ್ಟು, ಆ ಒಣ ಕೋಣೆಯಲ್ಲಿ, ಗೂಡಿನ ಹತ್ತಿರ ಬೆರಳು ಒಯ್ದಾಗ ಚಟ್ ಅಂತ ಒಂದು ಎಳೆ ಕಿಡಿ ಹಾರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಣ ಹವೆಯಲ್ಲಿ ರೇಷ್ಮೆ ಮೈಗೆ ತಿಕ್ಕಿದರೆ ಮೈಯೆಲ್ಲ ಮಿಂಚಿನ ಮರಿ ಸೇರಿಕೊಳ್ಳುತ್ತದೆ. ಅದು ಬೆರಳಿನಿಂದ ಹಲಗೆಗೆ ಹಾರಿದರೆ ಹಲಗೆ ಸತ್ತ ಹಾಗೆಯೇ. ಆ ಹಲಗೆಯೂ ಸತ್ತಿತು. ಊರವರು ಸೀರೆಯನ್ನು ಮಡಚಿ ಮತ್ತೆ ಪೆಟ್ಟಿಗೆಗೆ ಇಟ್ಟರು, ಅತ್ತಿಯ ಕೈಗುಣ ಸರಿಯಿಲ್ಲ ಅಂದರು. ಅತ್ತಿ ಮತ್ತೆ ಯಾವ ಯಂತ್ರವನ್ನೂ ಮುಟ್ಟಲಿಲ್ಲ.

ಕೂರಿಸುವ ದಿನ ಮಧ್ಯಾಹ್ನ ವೈಜನಾಥ ಕಾಕಾ ಅದೇ ಸೀರೆ ಹಿಡಿದು ಒಣ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಹೆದರಿಕೆಯವರ ಹಣೆಬರಹ, ಮಾತು ಎಲ್ಲ ರಾತ್ರಿ ಹಾಸಿಗೆಯಲ್ಲಿ ಬರುತ್ತದೆ, ಬೇಕಾದಾಗ ಬರುವುದಿಲ್ಲ. ಕಾಕಾ, ನೂಲಿನ ಸೀರಿ ಉಡ್ತೀನ್ರಿ, ರೇಷ್ಮಿಯಿಂದ ಕಿಡಿ ಬರ್ತದ, ಅಂತ ಹೇಗೋ ಅಂದೆ. ಕಾಕಾ, ನಿನಗ ಮೂರನೇ ಇಯತ್ತೆ, ನಮ್ಮ ಹಿರ್ಯಾರಿಗೆ ತಿಳೀಲಿಲ್ಲೇನು, ಮೈಲಿಗಿ ಬಟ್ಟ್ಯಾಗ ಕೂರಿಸಿ ನಾಳೆ ಕೆಟ್ರ ಜವಾಬ್ದಾರಿ ಯಾರು, ಅಂದರು. ಗುಂಪಿನಲ್ಲಿ ಯಾರೋ ಹೌದು ಹೌದು ಅಂದರು. ನಾನು ಸೀರೆಗೆ ಕೈ ಚಾಚಿದೆ. ಚಾಚಿದ್ದು ನಿಜ, ಯಾಕೆ ಮುಚ್ಚಿಡಲಿ.

ಆಗ ಕಲಾವತಿ ಬಂದಳು. ಅವಳು ಮೇಲೆ ಹತ್ತಬಾರದಿತ್ತು. ಸೊಂಟದ ಮೇಲೆ ತನ್ನ ಪಾಲಿನ ನೀರಿನ ಕೊಡ, ಏದುಸಿರು. ಕಾಕಾನ ಕಡೆ ತಿರುಗಿ, ಕಾಕಾ, ಗುಡಿ ಸುತ್ತ ದೀಡ ನಮಸ್ಕಾರ ಹಾಕೋರು ಏನ್ ಉಟ್ಕೊಂಡು ಉರುಳ್ತಾರ, ರೇಷ್ಮಿನೋ ಒದ್ದಿ ಸೀರಿನೋ, ಅಂತ ಕೇಳಿದಳು. ಕಾಕಾ, ಒದ್ದಿ ಸೀರಿ, ಅಂದರು. ಒಣ ಮಡಿ ದೊಡ್ಡದೋ ಒದ್ದಿ ಮಡಿ ದೊಡ್ಡದೋ, ಅಂದಳು. ಕಾಕಾ ಗಡ್ಡ ಕೆರೆದುಕೊಂಡು, ಒದ್ದಿನೇ ದೊಡ್ಡದು, ಅದಕ್ಕೇನೀಗ, ಅನ್ನುವಷ್ಟರಲ್ಲಿ ಅವಳು ಇಡೀ ಕೊಡ ನನ್ನ ತಲೆಯ ಮೇಲೆ ಬೋರಲು ಹಾಕಿದಳು. ತಗೋರಿ, ದೊಡ್ಡ ಮಡಿ, ಅಂದಳು. ನನ್ನ ಮೈಮೇಲಿನ ನೂಲಿನ ಸೀರೆ ತೊಯ್ದು ತೊಪ್ಪೆಯಾಯಿತು. ಖಲೀಲ್ ಚಾಚಾ ಮುಖ ಆ ಕಡೆ ತಿರುಗಿಸಿ ನಗುತ್ತಿದ್ದರು. ಕಾಕಾ ರೇಷ್ಮೆಯನ್ನು ಹೆಗಲಿಗೆ ಹಾಕಿಕೊಂಡು, ಕಟ್ಟಾ ಮಡಿ ಆತು, ನಡೀ ಒಳಗ, ಅಂದರು. ಸೋತ ಮಾತನ್ನೂ ಅಪ್ಪಣೆಯ ಧಾಟಿಯಲ್ಲಿ ಹೇಳುವುದು ನಮ್ಮ ಹಿರಿಯರಿಗೆ ಬರುತ್ತದೆ.

ಆದರೆ ಒದ್ದೆ ಮೈಯಲ್ಲಿ ಹಲಗೆಯ ಹತ್ತಿರ ಹೋಗುವುದು ಹುಡುಗಾಟವೇ? ಒಂದು ಹನಿ ಬಿದ್ದರೂ ಮುಗಿಯಿತು. ಸೆರಗು ಹಿಂಡಿದೆ, ನೆರಿಗೆ ಹಿಂಡಿದೆ, ಮತ್ತೆ ಹಿಂಡಿದೆ. ಕಲಾವತಿ ನನ್ನ ಕೂದಲಿಗೆ ತನ್ನ ಒಣ ಸೆರಗಿನಿಂದಲೇ ಗಂಟು ಹಾಕಿ, ಆ ಸೆರಗಿಗೇ ಸಿಕ್ಕಿಕೊಂಡು ನನ್ನ ಬೆನ್ನಿಗೇ ನಿಂತಳು. ಮುಂಗೈ ಒರೆಸಿಕೊಂಡೆ. ಮೈಯಲ್ಲಿ ಕಿಡಿ ಉಳಿದಿದ್ದರೆ ಇಳಿದು ಹೋಗಲಿ ಅಂತ ಕಬ್ಬಿಣದ ಕಂಬ ಮುಟ್ಟಿದೆ, ಸಾಲದು ಅನಿಸಿ ಇನ್ನೊಮ್ಮೆ ಮುಟ್ಟಿದೆ. ಗೂಡಿನ ಪಕ್ಕದ ಸನ್ನೆಕಡ್ಡಿಯನ್ನು ಕೆಳಗೊತ್ತಿ, ಹೊರಗೆ ಸರಿಸಿ, ಮೇಲೆತ್ತಿದೆ. ಬಿಲ್ಲೆಯನ್ನು ಅಂಚಿನಲ್ಲಿ ಮಾತ್ರ ಹಿಡಿದು, ಅದರ ಮೂಲೆಯ ಚಿನ್ನದ ತ್ರಿಕೋನವನ್ನು ಹಲಗೆಯ ತ್ರಿಕೋನಕ್ಕೆ ಹೊಂದಿಸಿ, ನೇರ ಕೆಳಗಿಳಿಸಿ ಕೈ ಬಿಟ್ಟೆ. ಒತ್ತಲಿಲ್ಲ. ಹೆಬ್ಬೆಟ್ಟಿನವರೇ, ಇದನ್ನು ಎರಡು ಸಲ ಓದಿ: ಒತ್ತಲಿಲ್ಲ. ಸರಿಯಾಗಿ ಇಟ್ಟರೆ ಬಿಲ್ಲೆ ತನ್ನಷ್ಟಕ್ಕೆ ಕೂರುತ್ತದೆ, ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ. ಸನ್ನೆ ಇಳಿಸುವಾಗ ಕರಕರ ಸದ್ದು ಬಂತು. ಆ ಸದ್ದು ಯಾವಾಗಲೂ ಬರುತ್ತದೆ, ಬರಬೇಕಾದದ್ದೇ. ಆದರೂ ನನ್ನ ಜೀವ ಹೋಗಿ ಬಂತು.

ಆಮೇಲೆ ನೆನಪಿನ ಪಟ್ಟಿಗಳನ್ನು, ಅಂದರೆ ನಿಮ್ಮ ರ‍್ಯಾಮ್‌ಗಳನ್ನು, ಎರಡೂ ತುದಿ ಟಕ್ ಅನ್ನುವ ತನಕ ಕೂರಿಸಿದೆ. ಪೆಟ್ಟಿಗೆಯ ತಗಡಿಗೆ ಹಲಗೆಯ ಬೆನ್ನು ತಾಗದಂತೆ ಹಿತ್ತಾಳೆಯ ಮೋಟು ಮೊಳೆಗಳ ಮೇಲೆ ಇಟ್ಟು, ತಿರುಪುಗಳನ್ನು ಎದುರುಬದುರು ಮೂಲೆಯಿಂದ ಬಿಗಿದೆ. ತೊಗರಿ ಕಾಳಿನಷ್ಟು ಲೇಪ ಇಟ್ಟು, ಮೇಲೆ ತಂಪಿನ ಲೋಹ ಕೂರಿಸಿದೆ. ದೊಡ್ಡ ಕರೆಂಟಿನ ತಂತಿ ಒಂದು, ಬಿಲ್ಲೆಯ ಪಕ್ಕದ ಸಣ್ಣದೊಂದು. ಆ ಸಣ್ಣದನ್ನು ಮರೆಯುವವರು ಯಾವ ಕಾಲದಲ್ಲೂ ಇದ್ದಾರೆ ಅಂತ ಅತ್ತಿ ಹೇಳುತ್ತಿದ್ದಳು, ನೀವು ಖಂಡಿತ ಅವರಲ್ಲೊಬ್ಬರು. ಗುಂಡಿ ಒತ್ತಬೇಕು ಅಂತ ಬಗ್ಗಿದೆ. ಬಗ್ಗಿದ ಕೂಡಲೇ ಕಿವಿಯ ಹಿಂದಿನಿಂದ ಒಂದು ಹನಿ ಇಳಿದು, ಟಪ್ ಅಂತ, ಹಲಗೆಯ ಮೇಲೆ ಬಿತ್ತು.

ನಾನು ಗುಂಡಿಯಿಂದ ಕೈ ತೆಗೆದು, ಹತ್ತಿ ಎಳೆಯಿಂದ ಹನಿ ಹೀರಿ, ಒಣಗಲಿ ಅಂತ ಕೂತೆ. ಕೆಳಗೆ ಸುರಂಗದಲ್ಲಿ ಕೈಬೀಸಣಿಗೆಯ ಪಾಳಿಯವರು ದಣಿದು, ಸದ್ದು ತಡೆದು ತಡೆದು ಬರುತ್ತಿತ್ತು. ಕಾಯುವಷ್ಟು ಹೊತ್ತೂ ನನ್ನ ಕಣ್ಣೆದುರಿಗೆ ಇದ್ದದ್ದು ನಿಮ್ಮ ಹೆಬ್ಬೆಟ್ಟು. ಗೂಡಿನ ಅಂಚಿನ ಲೇಪವನ್ನು ಪೂರ್ತಿ ಉಜ್ಜಿದರೆ ಪುಡಿ ಒಳಗೆ ಬಿದ್ದೀತು ಅಂತ ಹಾಗೇ ಬಿಟ್ಟಿದ್ದೆ. ಗೆರೆ ಗೆರೆ, ನಡುವೆ ಸುಳಿ. ಏನು ಅವಸರ ಇತ್ತು ನಿಮಗೆ? ಯಾರು ಅಟ್ಟಿಸಿಕೊಂಡು ಬರುತ್ತಿದ್ದರು? ನಿಮ್ಮ ಮನೆಯಲ್ಲಿ ಗಾಳಿ ಇತ್ತು, ನಲ್ಲಿಯಲ್ಲಿ ನೀರಿತ್ತು, ಗೂಡಿನ ಜೊತೆ ಕೊಟ್ಟ ಪುಸ್ತಕದಲ್ಲಿ ಚಿತ್ರ ಸಮೇತ ಬರೆದಿತ್ತು. ಅದನ್ನು ಓದದೆ ಒತ್ತಿದ ಬೆರಳು ಇದು. ಓದು ಬಂದೂ ಓದದವರಿಗೆ ಹೆಬ್ಬೆಟ್ಟು ಅನ್ನದೆ ಇನ್ನೇನು ಅನ್ನಲಿ?

ಒಣ ಕೋಣೆಯ ಬಿಸಿ ಆ ಒಂದು ಕೆಲಸ ಮಾಡಿತು, ಹನಿ ಬಿದ್ದ ಜಾಗ ಬೇಗ ಬಿಳಿಚಿತು. ಕಲಾವತಿ ನನ್ನ ಬೆನ್ನಿಗೆ ಗುದ್ದಿ, ಅಕ್ಕಾ, ಒತ್ತು, ನನಗ ನಿಂತು ಸಾಕಾತು, ಅಂದಳು. ಒತ್ತಿದೆ. ಪೆಟ್ಟಿಗೆಯ ಬೀಸಣಿಗೆ ಒಂದು ಸುತ್ತು ತಿರುಗಿ ನಿಂತಿತು. ಮತ್ತೆ ತಿರುಗಿ ನಿಂತಿತು. ಅರ್ಧ ಎದ್ದ ಮುಳ್ಳು ಮುಟ್ಟುತ್ತಿಲ್ಲ ಅಂತ ನನಗೆ ಖಾತ್ರಿಯಾಯಿತು. ಕಾಕಾ ಹೆಗಲ ಮೇಲಿನ ರೇಷ್ಮೆ ಮುಟ್ಟಿಕೊಂಡರು. ಮೂರನೆಯ ಸಲ ಬೀಸಣಿಗೆ ತಿರುಗಿತು, ನಿಲ್ಲಲಿಲ್ಲ. ಪೆಟ್ಟಿಗೆ ಕುಂಯ್ ಅಂತ ಒಂದೇ ಒಂದು ಸಲ ಕೂಗಿತು. ಒಂದು ಕೂಗು ಅಂದರೆ ಎಲ್ಲ ಸರಿ ಇದೆ ಅಂತ. ಪರದೆಯ ಮೇಲೆ ಬಿಳಿ ಅಕ್ಷರಗಳು ಏರತೊಡಗಿದವು. ಸ್ವಲ್ಪ ಹೊತ್ತಿಗೆ ಕೆಳಗಿನ ಓಣಿಗಳಿಂದ ದೊಡ್ಡ ಬೀಸಣಿಗೆಗಳು ಒಂದೊಂದಾಗಿ ಎದ್ದ ಸದ್ದು ಗಾಳಿಬಾವಿಯಲ್ಲಿ ಏರಿ ಬಂತು, ಅದರ ಜೊತೆ ಪಾಳಿಯವರ ಕೇಕೆ. ಕಲಾವತಿ ಅಲ್ಲೇ ನೆಲದ ಮೇಲೆ ಕೂತು, ನನ್ನ ಕೊಡ ನೀರು ಯಾರ್ ಕೊಡ್ತೀರಿ ಈಗ, ಅಂದಳು. ಕಾಕಾ ತಮ್ಮ ಪಾಲಿನದು ಕೊಟ್ಟರು. ಗಂಗಾಬಾಯಿ ಅತ್ತಿಯ ಕೈಗುಣದ ಬಗ್ಗೆ ಮಾತ್ರ ಇಲ್ಲಿಯ ತನಕ ಒಂದು ಮಾತು ಆಡಿಲ್ಲ.

ಈಗ ಅಮಾವಾಸ್ಯೆ ಕಳೆದಿದೆ. ಯಾರೂ ಎಲ್ಲಿಗೂ ನಡೆಯಲಿಲ್ಲ. ಕಲಾವತಿಗೆ ಒಂಬತ್ತು ತುಂಬಿ, ಬೀಸಣಿಗೆಯ ಕೆಳಗೆ ಮಲಗಿ ಗೊರಕೆ ಹೊಡೆಯುತ್ತಿದ್ದಾಳೆ. ನಾನು ದಿನಕ್ಕೆರಡು ಸಲ ಮೇಲೆ ಹತ್ತಿ ಗಂಟಿಗೆ ಕಿವಿ ಇಟ್ಟು ಬರುತ್ತೇನೆ. ಆ ಅರ್ಧ ಮುಳ್ಳು ಎಷ್ಟು ದಿನ ಮುಟ್ಟಿಕೊಂಡಿರುತ್ತದೋ ನನಗೆ ಗೊತ್ತಿಲ್ಲ. ನಾಳೆಯೇ ಬಿಟ್ಟರೂ ಬಿಟ್ಟೀತು. ಬಿಟ್ಟರೆ ಮತ್ತೆ ಗುಡ್ಡೆಗೆ ಹೋಗಬೇಕು, ಮತ್ತೆ ನಿಮ್ಮಂಥವರ ತೆರೆದ ಗೂಡುಗಳನ್ನು ಒಂದೊಂದಾಗಿ ಎತ್ತಿ ಊದಿ ನೋಡಬೇಕು.

ನಿಮ್ಮಿಂದ ದೊಡ್ಡದೇನೂ ನಾನು ಕೇಳುವುದಿಲ್ಲ. ಬಿಸಿಲು ಇಳಿಸಿ ಅಂತ ಕೇಳುವುದಿಲ್ಲ, ಅದು ನಿಮ್ಮ ಕೈಲಾಗದು ಅಂತ ನೋಡಿಯೇ ಗೊತ್ತಾಗಿದೆ. ಗೂಡಿನ ಅಳತೆ ಬದಲಿಸಬೇಡಿ ಅಂತಲೂ ಕೇಳುವುದಿಲ್ಲ, ನೀವು ಕೇಳುವವರಲ್ಲ. ಒಂದೇ ಒಂದು ಮಾತು. ಹೊಸ ಹಲಗೆ ತಂದು ಬಿಲ್ಲೆ ಕೂರಿಸುವಾಗ ಆ ಕರಿ ಮುಚ್ಚಳ ಚಿಮ್ಮಿ ಬರುತ್ತದಲ್ಲ, ಅದನ್ನು ಎಸೆಯಬೇಡಿ. ಒಂದು ಡಬ್ಬಿಯಲ್ಲಿ ಹಾಕಿಡಿ. ಹಲಗೆ ಬಿಸಾಡುವ ದಿನ ಬಂದೇ ಬರುತ್ತದೆ, ನಿಮಗೆ ಬಿಸಾಡದೆ ಇರುವುದಕ್ಕೆ ಬರುವುದಿಲ್ಲ. ಆ ದಿನ ಬಿಲ್ಲೆ ತೆಗೆದ ಮೇಲೆ ಮುಚ್ಚಳವನ್ನು ಗೂಡಿನ ಮೇಲೆ ಕೂರಿಸಿ, ಆಮೇಲೆ ಎಸೆಯಿರಿ. ರೊಟ್ಟಿ ಮುರಿದು ಬಾಯಿಗಿಡುವಷ್ಟು ಹೊತ್ತಿನ ಕೆಲಸ.

ಎದ್ದ ಮೇಲೆ ಇಷ್ಟನ್ನೂ ಓದಿಸಿ ಕೇಳಿದ ಕಲಾವತಿ, ಎಷ್ಟರೆ ಬೈಯ್ ಅಕ್ಕಾ, ಕಡೀಕ ಶರಣು ಅಂತ ಬರಿ, ಹಲಗಿ ಅಂತೂ ಅವರದೇ ಅಲ್ಲೇನು, ಅನ್ನುತ್ತಾಳೆ. ನಮ್ಮಲ್ಲಿ ಯಾವ ಓಲೆಯೂ ಶರಣು ಇಲ್ಲದೆ ಮುಗಿಯುವುದಿಲ್ಲ. ಆ ಜಾಗ ಖಾಲಿ ಬಿಟ್ಟಿದ್ದೇನೆ. ಗುಡ್ಡೆಯಲ್ಲಿ ಮುಚ್ಚಳ ಹಾಕಿದ ಒಂದು ಗೂಡು ನನ್ನ ಕೈಗೆ ಸಿಕ್ಕ ದಿನ ಮೇಲೆ ಹತ್ತಿ ಬಂದು, ದಾರ ಬಿಚ್ಚಿ, ಇಲ್ಲಿ ಬರೆಯುತ್ತೇನೆ.

ಜಗದೇವಿ,
ಗಂಟಿ ಕೂರಿಸುವವಳು